ಮಾದರಿ ನಲವತ್ತೇಳು

ಬೆಳಗಾವಿ ಕ್ಯಾಂಪಿನ ಹಳೇ ಹಲ್ಲಿನ ದವಾಖಾನಿಯ ಲಿಯು ಅಜ್ಜಿ
ಬಿಸ್ಕೀಟಿನ ತಗಡಿನ ಡಬ್ಬಿಯೊಳಗೆ ತಂದಿದ್ದಳು:
ಕೆಂಪು ಕಾಗದದ ಪೊಟ್ಟಣ, ಮೇಲೆ ಮೂರು ಕಪ್ಪು ಅಕ್ಷರ,
ಒಳಗೆ ಮುರಿದ ಕಡ್ಡಿ, ಎಲೆ, ಒಂದು ಚಿಟಿಕೆ ಧೂಳು.
'ಕಲಕತ್ತಾದ ತಮ್ಮ ವರ್ಷಾ ಕಳಸತಾನ. ಜ್ವರಕ್ಕ, ಗಂಟಲ ಬ್ಯಾನಿಗೆ.
ಮಮ್ಮಗಳು ನಗತಾಳ.
ಖರೇನೋ ಸುಳ್ಳೋ ನೀನರ ನೋಡಿ ಹೇಳವಾ.'

ಆ ಅಕ್ಷರ ನನಗೆ ಓದಲು ಬರುವುದಿಲ್ಲ.
ಅಕಿಗೂ ಬರುವುದಿಲ್ಲ, ಕಾನ್ವೆಂಟಿನಲ್ಲಿ ಕಲಿತಾಕಿ,
ಬಾಜಾರಿನಲ್ಲಿ ಮರಾಠಿ, ನನ್ನ ಜೋಡಿ ನನ್ನಂಥದೇ ಕನ್ನಡ.
ಹೀಗಾಗಿ ಹೆಸರಿಲ್ಲದ್ದಕ್ಕೆ ಒಂದು ಅಂಕಿ ಕೊಟ್ಟೆ.
ಒಟ್ಟು ಐವತ್ತು ಗ್ರಾಂ. ಪುಡಿ ಮಾಡಿದೆ,
ಒಂದು ಪಾಲು ನೀರಲ್ಲಿ ಕುದಿಸಿದೆ, ಒಂದು ಪಾಲು ಮೆಥನಾಲಿನಲ್ಲಿ ನೆನೆಹಾಕಿದೆ.
ಎರಡನೆಯ ದಿನ ಕರೆಂಟು ಹೋಗಿ
ಕಲ್ಮೇಶ ಜನರೇಟರಿಗೆ ಬೈದು, ಒದ್ದು, ಆಮೇಲೆ ಕೈಮುಗಿದ.

'ಕಪಾಟಿನಲ್ಲಿ ಏನೇನಿದೆಯೋ ಎಲ್ಲಾ ಪಕ್ಕಕ್ಕಿಟ್ಟು ಓಡಿಸು' ಅಂದರು ಹಲಗತ್ತಿ ಮೇಡಂ.
ಅಮೃತಬಳ್ಳಿ, ಸೊಗದೆ, ನೆಲಬೇವು;
ಬಿಳಿ ತಟ್ಟೆಯ ತಳದಲ್ಲಿ ಸಾಲಾಗಿ ಗೆರೆ ಹಾಕಿದೆ.
ದ್ರಾವಣ ಮೇಲೇರಿತು, ಗೋಡೆಗೆ ಹಸಿ ಏರುವ ಹಾಗೆ.
ಆಮ್ಲ ಚಿಮುಕಿಸಿ ಕಾಯಿಸಿ ದೀಪದ ಕೆಳಗಿಟ್ಟರೆ
ನಲವತ್ತೇಳರ ಪಟ್ಟೆ, ನಮ್ಮ ನೆಲಬೇವಿನ ಪಟ್ಟೆ:
ಅದೇ ಎತ್ತರ, ಅದೇ ನೇರಳೆ,
ಕೆಳಗಿನ ಆ ಮಾಸಲು ಕಲೆ ಸಹಿತ.

ನಾಲಿಗೆಗೆ ಹಚ್ಚಿ ನೋಡಬಾರದು ಅಂತ ನಿಯಮವಿದೆ.
ಹಚ್ಚಲಿಲ್ಲ.
ಆದರೂ ಬಾಯಿ ಕಹಿಯಾಯಿತು.
ನಂದಗಡದ ಮನೆ, ಚಳಿಜ್ವರ,
ಮೂಗು ಹಿಡಿದು ಅವ್ವ ಹೊಯ್ದ ಕಷಾಯ,
ಕೊನೆಯ ಗುಟುಕಿನ ಹಿಂದೆಯೇ ಬೆಲ್ಲದ ಹರಳು.
ನಾಲ್ಕನೆಯ ದಿನ ನಾನು ಎದ್ದು ಕೂತೆ.
(ತಮ್ಮ ಅದನ್ನು ಬಚ್ಚಲಿಗೆ ಚೆಲ್ಲುತ್ತಿದ್ದ.
ಅವನೂ ನಾಲ್ಕನೆಯ ದಿನವೇ ಎದ್ದು ಕೂತ.
ಇದನ್ನು ಅವ್ವನಿಗೆ ಇವತ್ತಿನವರೆಗೂ ಹೇಳಿಲ್ಲ.)

ಇನ್ನು ಗುಣದ ಮಾತು.
ಅಗರ್ ತಟ್ಟೆಯ ತುಂಬ ಗಂಟಲಿನ ಸೂಕ್ಷ್ಮಾಣು ಬಿತ್ತಿ
ನಡುವೆ ಬಿಲ್ಲೆ ಇಟ್ಟು, ಒಂದು ರಾತ್ರಿ ಬೆಚ್ಚಗೆ ಮಲಗಿಸಿದೆ.
ಬೆಳಿಗ್ಗೆ ಗೊತ್ತಿದ್ದ ಔಷಧದ ಸುತ್ತ
ಹುಣ್ಣಿಮೆಗೆ ಕಟ್ಟುವ ಕಣದ ಹಾಗೆ ದುಂಡನೆಯ ಬಯಲು.
ನಲವತ್ತೇಳರ ಸುತ್ತ ಬೆಳೆಯೇ ಬೆಳೆ.
ನೆಲಬೇವಿನ ಸುತ್ತಲೂ ಅಷ್ಟೇ, ಒಂದು ಕೂದಲೆಳೆ ಜಾಗ ಬಿಟ್ಟಿಲ್ಲ.
ಮೂರು ಸಲ ಮಾಡಿದೆ. ಮೂರನೆಯದು ನನಗೋಸ್ಕರ.

'ಸ್ವಲ್ಪ ಐತಿ ಅಂತ ಬರದ್ಬಿಡ್ರಿ ಅಕ್ಕಾರ' ಅಂದ ಕಲ್ಮೇಶ,
'ಮುದುಕಿ ಜೀವಾ.'
ಅಳತೆಪಟ್ಟಿ ಸ್ವಲ್ಪ ಅನ್ನುವುದಿಲ್ಲ.
'ಗುಣವಿಲ್ಲ' ಅಂತ ಬರೆದೆ, ಹೊಡೆದುಹಾಕಿದೆ.
'ಈ ತಟ್ಟೆಯಲ್ಲಿ ಕಾಣಲಿಲ್ಲ' ಅಂತ ಬರೆದೆ.
ತಟ್ಟೆಗೆ ಜ್ವರ ಬರುವುದಿಲ್ಲ, ನಿಜ.
ಆದರೆ ಆ ನೆಪ ವರದಿಯಲ್ಲಿ ಹಿಡಿಸುವುದಿಲ್ಲ.

ಶನಿವಾರ ಅಜ್ಜಿ ಬಂದಳು, ಛತ್ರಿ ಬಾಗಿಲಿಗೆ ಆನಿಸಿ ಕೂತಳು.
ವರದಿ ಎರಡು ಸಲ ಓದಿಸಿಕೊಂಡಳು.
'ಅಂದ್ರ ಇದು ಇಲ್ಲೇ ಬೆಳೀತದೇನು?'
ಖಾನಾಪುರದ ಕಡೆ ಹೊಲದ ಬದುವಿನ ಮೇಲೆ, ಅಂದೆ.
'ಅರವತ್ತು ವರ್ಷ ಟಪಾಲಿನ ರೊಕ್ಕಾ!'
ನಕ್ಕಳು. ನಕ್ಕು ನಕ್ಕು ಕೆಮ್ಮಿದಳು.
ಆಮೇಲೆ ಕೆಂಪು ಕಾಗದ ಮುಂದೆ ಹಿಡಿದು
'ಹೆಸರು ಬರೀ' ಅಂದಳು.
ಆ ಮೂರು ಅಕ್ಷರದ ಕೆಳಗೆ ನನ್ನ ನಾಲ್ಕು ಅಕ್ಷರ ಬರೆದೆ.

ಕುಡಿಯಬೇಕೋ ಬೇಡವೋ, ಅವಳು ಕೇಳಲಿಲ್ಲ.
ಉಳಿದ ಹನ್ನೊಂದು ಗ್ರಾಂ ತೂಗಿ,
ಸಹಿ ಹಾಕಿಸಿಕೊಂಡು
ವಾಪಸು ಕೊಟ್ಟೆ.