ಇತ್ತ

ಜೋನಿ ಅಂದರೆ ಇಂಗ್ಲಿಷ್ ಹೆಸರಲ್ಲ.
ಆಲೆಮನೆಯ ಕೊಪ್ಪರಿಗೆಯಿಂದ ಸೌಟಿಗೆ ಬಂದ
ಜೋನಿಬೆಲ್ಲದ ಬಣ್ಣ ಇವಳದು,
ಹಾಗೇ ಜಾರುತ್ತಾಳೆ ಕೂಡ, ಬೆರಳ ಸಂದಿಯಲ್ಲಿ.
ಎಂಟು ತಿಂಗಳು. ಕಿವಿ ಒಂದು ನಿಂತಿದೆ,
ಇನ್ನೊಂದು ಇನ್ನೂ ಯೋಚಿಸುತ್ತಿದೆ.

ಅಂಗಳದಲ್ಲಿ ಕೂರು ಅಂದರೆ ಕೂರುತ್ತಾಳೆ.
ಇರು ಅಂದರೆ, ನಾನು ಹಲ್ಲುಜ್ಜಿ ಬರುವವರೆಗೂ
ಇರುತ್ತಾಳೆ, ಬಾಲದ ತುದಿಯೊಂದನ್ನು ಬಿಟ್ಟು.
ಗೇಟು ದಾಟಿದ ಮೇಲೆ ನನಗೆ ಬಾಯಿದೆ ಅನ್ನುವುದೇ
ಅವಳಿಗೆ ಮರೆತುಹೋಗುತ್ತದೆ.

ಇಪ್ಪತ್ತೆರಡು ವರ್ಷ ಕಾರ್ಖಾನೆ ಗೇಟಿನಲ್ಲಿ
ಕಬ್ಬಿನ ಲೋಡು ತೂಗಿದವನು ನಾನು.
ಲೆಕ್ಕ ಹಾಕಿದೆ:
ಒಂದು ಓತಿಕ್ಯಾತ, ಐದು ಕೇಜಿ.
ಬಷೀರನ ಕೋಳಿ ಅಂಗಡಿಯ ಹಿಂಬದಿ, ಒಂದು ಕ್ವಿಂಟಲ್.
ಗದ್ದೆ ಉಳುವ ಟ್ರ್ಯಾಕ್ಟರ್ ಹಿಂದೆ ನಡೆಯುವ ಬೆಳ್ಳಕ್ಕಿಗಳು,
ಅದಕ್ಕೆ ನಮ್ಮಲ್ಲಿ ತಕ್ಕಡಿಯೇ ಇಲ್ಲ.
ಈ ಕಡೆ ತಟ್ಟೆಯಲ್ಲಿ ನನ್ನ ಒಂದು "ಬಾ",
ಗಾಳಿಗೆ ಹಾರುವ ಕಬ್ಬಿನ ತರಗು.

ಪಶು ಆಸ್ಪತ್ರೆಯ ಕಾಂಪೌಂಡರ್ ಚಿಕ್ಕಮಾದಯ್ಯ ಕೇಳಿದ:
"ಬಾ ಅಂತ ಯಾವ್ಯಾವಾಗ ಕರ್ದಿದ್ದೀರಿ ಸಾಮಿ?"
ಸ್ನಾನಕ್ಕೆ ಕರೆದಿದ್ದೆ. ಚುಚ್ಚುಮದ್ದಿಗೆ.
ಆಟದ ನಡುವೆ, ಸರಪಳಿ ಹಾಕಲಿಕ್ಕೆ.
ಚಪ್ಪಲಿ ಹರಿದ ದಿನ, ಬೆನ್ನ ಹಿಂದೆ ಕೋಲಿಟ್ಟುಕೊಂಡು,
ಬಾ ಮರಿ ಬಾ ಅಂತ, ಬೆಣ್ಣೆಯಂಥ ದನಿಯಲ್ಲಿ.
"ಕೆಟ್ಟೋಗದೆ ಬುಡಿ ಆ ಮಾತು," ಅಂದ,
ಹಸುವಿನ ಬಾಯೊಳಗೆ ಕೈಯಿಟ್ಟುಕೊಂಡೇ,
"ಒಸ ಮಾತು ತನ್ನಿ."

ರಾತ್ರಿ ನೆನಪಾಯಿತು ನನ್ನಪ್ಪನ "ಬಾರ್ಲಾ ಇಲ್ಲಿ".
ಹುಣಸೆ ಬರಲು ಕಾಣುವ ಮೊದಲೇ
ಮೀನಖಂಡ ಜುಮ್ಮೆನ್ನುತ್ತಿತ್ತು.
ಐವತ್ತೊಂದು ನನಗೆ; ಸಾಹೇಬರು ಬಾ ಅಂದರೆ
ಈಗಲೂ ಕಾಲು ಮೊದಲು ಹಿಂದಕ್ಕೇ ಹೋಗುತ್ತದೆ.

ಅಟ್ಟದಿಂದ ಹಳೇ ಪಾತ್ರೆ ಇಳಿಸಿದ ಹಾಗೆ
ಒಂದು ಮಾತು ಇಳಿಸಿದೆ: ಇತ್ತ.
ನಮ್ಮ ಬೀದಿಯಲ್ಲಿ ಯಾರೂ ಯಾರನ್ನೂ
ಹೊಡೆಯಲಿಕ್ಕೆ ಹೀಗೆ ಕರೆದಿಲ್ಲ.
ಬೇಯಿಸಿದ ಈಲಿ ಜೇಬಿನಲ್ಲಿಟ್ಟು
ಮೊದಲು ಅಡುಗೆಮನೆಯಲ್ಲಿ, ಎರಡು ಹೆಜ್ಜೆ ದೂರ: ಇತ್ತ.
ಬಂದಳು. ಇತ್ತೆ.
ಜಗಲಿಯಲ್ಲಿ: ಇತ್ತ. ಬಂದಳು. ಇತ್ತೆ.
ಆಗ ಹೊಳೆಯಿತು, ಈ ಮಾತಿನ ಹೊಟ್ಟೆಯಲ್ಲೇ
ಕೊಟ್ಟ ಅನ್ನುವುದೂ ಕೂತಿದೆ ಅಂತ.

ನಾಲೆ ಏರಿ ಮುಟ್ಟುವುದಕ್ಕೆ ಎರಡು ತಿಂಗಳಾಯಿತು.
ಮೂವತ್ತು ಅಡಿ ನೈಲಾನ್ ಹಗ್ಗ, ಅಂಗೈ ಎರಡು ಸಲ ಕಿತ್ತಿತು.
ಪಕ್ಕದ ಮನೆಯ ಧನುಷ್ ಬೆಲ್ಲು ಬಾರಿಸುತ್ತ
ನಮ್ಮ ಸುತ್ತ ಸೈಕಲ್ ತುಳಿದ, ಸುತ್ತಿಗೆ ಎರಡು ರೂಪಾಯಿ.
ಆಲೆಮನೆಯ ಮುಂದೆ ಸೋತೆವು; ಪಾಕ ಬರುವ ಹೊತ್ತು
ನನಗೇ ನನ್ನ ಹೆಸರು ಕೇಳಿಸುವುದಿಲ್ಲ.
ಮತ್ತೆ ಹತ್ತು ಹೆಜ್ಜೆ ಹಿಂದೆ, ಮತ್ತೆ ಮೊದಲಿನಿಂದ.
ಟೀ ಅಂಗಡಿಯಲ್ಲಿ ಮಾತು:
"ನಾಯಿಗ್ ಅಳೆಗನ್ನಡ ಕಲಿಸ್ತಾವ್ನೆ ತೂಕದೋನು."

ನಿನ್ನೆ ಹಗ್ಗ ಇರಲಿಲ್ಲ.
ನಾಲೆಗೆ ನೀರು ಬಿಟ್ಟಿದ್ದರು. ಸೇತುವೆಯಾಚೆ ಕೆಸರುಗದ್ದೆ,
ಟ್ರ್ಯಾಕ್ಟರ್, ಅದರ ಹಿಂದೆ ಆ ಬಿಳೀ ಸಾಲು.
ಕಬ್ಬಿನ ಲಾರಿ ಸೇತುವೆಗೆ ತಿರುಗುತ್ತಿತ್ತು.
ಜೋನಿ ಆಗಲೇ ಓಟದಲ್ಲಿದ್ದಳು, ಹೊಟ್ಟೆ ನೆಲಕ್ಕೆ ತಾಗುವಷ್ಟು ಉದ್ದವಾಗಿ.
ಅಪ್ಪನ ದನಿ ಗಂಟಲಿಗೆ ಬಂತು. ನುಂಗಿ,
ಅಡುಗೆಮನೆಯ ದನಿಯನ್ನೇ ದೊಡ್ಡದು ಮಾಡಿ
ಒಂದೇ ಸಲ ಅಂದೆ:
ಇತ್ತ.

ನಿಂತ ಕಿವಿಯಲ್ಲ, ಯೋಚಿಸುವ ಕಿವಿ ತಿರುಗಿತು.
ಮುಂಗಾಲು ಗದ್ದೆಗೆ, ಹಿಂಗಾಲು ನನಗೆ.
ಮುಳ್ಳು ನಡುಗಿ ನಡುಗಿ ನಿಲ್ಲುವ ಮೊದಲಿನ
ಆ ಗಳಿಗೆ ನನಗೆ ಗೊತ್ತು,
ಆಗ ಪಕ್ಕದಲ್ಲಿ ಯಾರೂ ಉಸಿರು ಬಿಡಬಾರದು.

ಲಾರಿ ಹೋಯಿತು.
ಕೆಸರು ಮೂತಿ ನನ್ನ ಮಂಡಿಗೆ ಒರಸಿ ಕಾಯುತ್ತ ಕೂತಳು.
ಜೇಬು ತಡಕಿದೆ: ಅಂಗಿ ಬದಲಿಸಿದ್ದೆ.
ಬಷೀರನ ಅಂಗಡಿಗೇ ನಡೆದೆವು ಇಬ್ಬರೂ,
ಹಿಂಬದಿಗಲ್ಲ, ಮುಂದಿನ ಬಾಗಿಲಿಗೆ.
ಈಲಿ ನೂರು ಗ್ರಾಂ, ಅಂದೆ.
ಅವನು ತೂಗುವಾಗ
ನಾನು ತಕ್ಕಡಿಯ ಕಡೆ ನೋಡಲಿಲ್ಲ.