ಷರಾ

ಆಲೂರು ಉಪವಿಭಾಗದ ಕಚೇರಿಯಲ್ಲಿ ಒಂದೇ ಕಂಬ
ನಾಲ್ಕು ಕಡೆ ನಿಂತಿದೆ.

ಬಶೀರ್ ಸಾಹೇಬರ ಮೇಣಬಟ್ಟೆಯ ನಕ್ಷೆಯಲ್ಲಿ
ಚುಕ್ಕೆಯಾಗಿ, ಕಪ್ಪು ಶಾಯಿ, ಎಪ್ಪತ್ತೆರಡನೇ ಇಸವಿ,
ಪಕ್ಕಕ್ಕೆ ಇರುವೆಯಷ್ಟು ಅಕ್ಷರ: ‘ಬಾವಿಯಿಂದ ಹನ್ನೆರಡು ಮಾರು.’
ಗುತ್ತಿಗೆದಾರ ಬರೆಸಿದ ಕ್ಯಾಡ್ ಹಾಳೆಯಲ್ಲಿ
ಹಸಿರು ವೃತ್ತ; ಅದಕ್ಕೆ ಊರಿಲ್ಲ, ಭೂಮಿಯಿಲ್ಲ,
ಸೊನ್ನೆ ಕಾಮಾ ಸೊನ್ನೆಯಿಂದ ಶುರುವಾಗುವ ಬಿಳಿ ಬಯಲು.
ಬಿಲ್ಲಿಂಗ್‌ನವರ ಎಕ್ಸೆಲ್‌ನಲ್ಲಿ ಬರೀ ಒಂದು ಸಾಲು.
ಸಾಲಿಗೆ ಆರ್.ಆರ್. ನಂಬರಿದೆ, ಬಾಕಿಯಿದೆ, ಜಾಗವಿಲ್ಲ.
ಇನ್ನೊಂದು ಲೈನ್‌ಮನ್ ಜವರಪ್ಪನ ಜಿಪಿಎಸ್ಸಿನದು:
ಅವನು ನೆರಳಿಗೆ ಸರಿದು ಬಟನ್ ಒತ್ತಿದ್ದಕ್ಕೆ
ಕಂಬ ಹೋಗಿ ಕೆರೆಯೊಳಗೆ ಬಿದ್ದಿದೆ.

ಇವನ್ನೆಲ್ಲ ಒಂದು ಮಾಡಿ, ಎಂದು ಸುತ್ತೋಲೆ.
ಮಾರ್ಚ್ ಮೂವತ್ತೊಂದರೊಳಗೆ.

ಕೂತೆ. ಮೊದಲು ಕಲಿತದ್ದು ಇದು:
ಎಲ್ಲರೂ ಒಂದೇ ದಿಕ್ಕಿಗೆ ತಪ್ಪಿದ್ದರೆ ತಿದ್ದುವುದು ಸಲೀಸು.
ಇಡೀ ಊರನ್ನು ಚಾಪೆ ಎಳೆದ ಹಾಗೆ ಹಿಡಿದು
ಈಶಾನ್ಯಕ್ಕಿಷ್ಟು ಜರುಗಿಸಿದರಾಯಿತು.
ಬಶೀರ್ ಸಾಹೇಬರದು ಅಂಥ ಮರ್ಯಾದಸ್ಥ ತಪ್ಪು,
ಮೂರು ಮೂಲೆ ಸಿಕ್ಕರೆ ನಾಲ್ಕನೆಯದು ತಾನೇ ಬಂದು ಕೂರುತ್ತದೆ.
ಉಳಿದವರದು ಒಬ್ಬೊಬ್ಬರದು ಒಂದೊಂದು ದಿಕ್ಕು,
ಊಟಕ್ಕೆ ಮುಂಚಿನ ತಪ್ಪು ಬೇರೆ, ಉಂಡ ಮೇಲಿನದು ಬೇರೆ.

ಹೆಸರುಗಳ ಪಾಡು ಕೇಳಬೇಡಿ.
‘ಹಲಸಿನಮರದ ಟಿಸಿ’ ಎಂದು ತುಂಬಿದರೆ
ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೊರಳುವಾಗ
ಸಾಲಾಗಿ ಹತ್ತು ಪ್ರಶ್ನಾರ್ಥಕ ಚಿಹ್ನೆ.
ಹೋಗಿ ನೋಡಿದೆ. ರಸ್ತೆ ಅಗಲವಾಗಿದೆ, ಮರ ಹೋಗಿದೆ,
ಟ್ರಾನ್ಸ್‌ಫಾರ್ಮರೊಂದೇ ಬಿಸಿಲಲ್ಲಿ ಗುಂಯ್‌ಗುಡುತ್ತ
ಹಲಸಿನ ಹೆಸರು ಹೊತ್ತು ನಿಂತಿದೆ.
ಪ್ರಶ್ನೆಗಳನ್ನು ಅಳಿಸಿ ‘ಅರವತ್ಮೂರು ಕೆವಿಎ’ ಎಂದು ಬರೆದೆ.
ಕರೆಂಟು ಹೋದಾಗ ಊರವರ ಫೋನಿನಲ್ಲಿ
ಈಗಲೂ ಹಲಸಿನಮರವೇ.

ಒಂದು ಸಂಜೆ, ತುದಿಗೆ ತುದಿ ಕೂಡದೆ ಬೇಸತ್ತು,
ಒಂದು ಮೀಟರಿನೊಳಗಿನ ತುದಿಗಳೆಲ್ಲ
ತಾವೇ ಬೆಸೆದುಕೊಳ್ಳಲಿ ಎಂದು ಅಪ್ಪಣೆ ಕೊಟ್ಟೆ.
ಬೆಸೆದುಕೊಂಡವು. ಏಳುನೂರ ಹದಿನಾರು ದೋಷ
ಕಾಫಿ ಆರುವುದರೊಳಗೆ ಒಂಬತ್ತಕ್ಕಿಳಿಯಿತು.
ಪರದೆಯ ಮೇಲೆ ತಾಲ್ಲೂಕು ಒಂದೇ ನೂಲಿನ ಬಲೆ.
ಮುದ್ರಿಸಿ ಗೋಡೆಗೆ ಅಂಟಿಸಿ ಜವರಪ್ಪನನ್ನು ಕರೆದೆ,
ಸುಳ್ಳೇಕೆ, ಹೊಗಳಿಕೆಯ ಆಸೆಗೆ.

ಅವನು ಕನ್ನಡಕ ಏರಿಸಿದ. ತುಂಬ ಹೊತ್ತು ನೋಡಿದ.
ಮಸಣದ ಮೂಲೆಯಲ್ಲಿ ಬೆರಳಿಟ್ಟ;
ಬೆರಳಲ್ಲ, ಬೆರಳಿದ್ದ ಜಾಗದ ಮೋಟು.

‘ಇಲ್ಲಿ ಗಂಟು ಹಾಕ್‌ಬುಟ್ಟಿದೀರಲ್ಲ ಮೇಡಂ.
ಕೊಪ್ಪಲು ಫೀಡರು ಇಲ್ಲಿಗೆ ಮುಗೀತದೆ.
ಪಾಳ್ಯದ್ದೂ ಇಲ್ಲಿಗೇ ಮುಗೀತದೆ.
ಎರಡು ಕಂಬ, ಬೆನ್ನಿಗೆ ಬೆನ್ನು. ಸೇರಾಕಿಲ್ಲ.’

ಎಷ್ಟು ಅಂತರ ಎಂದೆ.
ಎರಡು ಕೈಯನ್ನೂ ಎದೆಯಗಲಕ್ಕಿಂತ ತುಸು ಅಗಲಿಸಿ
ಮಗು ಎತ್ತಿಕೊಳ್ಳುವವನಂತೆ ಹಿಡಿದು ತೋರಿಸಿದ.

‘ತೊಂಬತ್ತೆಂಟರಲ್ಲಿ ಯಾರೋ ಪೆನ್ಸಿಲ್ಲಲ್ಲಿ ಸೇರಿಸಿದ್ರು.
ನಾನು ಕೊಪ್ಪಲಿನ ಲೈನು ಬಂದ್ ಮಾಡಿಸ್ಕೊಂಡು ಹತ್ತಿದ್ದೆ.
ಕೈ ಹೋಗಿದ್ದು ಪಾಳ್ಯದ ತಂತಿಗೆ.’
ಅಷ್ಟೇ ಹೇಳಿ, ಸೈಕಲ್ಲಿಗೆ ಗಾಳಿ ಹಾಕಿಸಬೇಕೆಂದು ಹೊರಟ.

ಆ ರಾತ್ರಿ ಎಲ್ಲ ಗಂಟು ಬಿಚ್ಚಿದೆ. ಏಳುನೂರ ಹದಿನಾರೂ
ಮನೆಗೆ ಮರಳಿದ ನೆಂಟರಂತೆ ಸಾಲುಗಟ್ಟಿದವು.
ಒಂದೊಂದನ್ನೇ ವಿಚಾರಿಸಿದೆ. ಬಹುಪಾಲು ನಿಜಕ್ಕೂ ತಪ್ಪು,
ಕೂಡಿಸಿದೆ. ಹನ್ನೊಂದು ತಪ್ಪಲ್ಲ.
ಸುತ್ತೋಲೆಯ ಗಡುವು ಎರಡು ದಿನ ಹಿಂದೆ ಬಿತ್ತು.

ಬೆಳಗಿನ ಜಾವ ಬಶೀರ್ ಸಾಹೇಬರ ಬಟ್ಟೆಯನ್ನು
ಟ್ಯೂಬ್‌ಲೈಟಿಗೆ ಎತ್ತಿ ಹಿಡಿದೆ.
ಮಸಣದ ಮೂಲೆಯ ಆ ಎರಡು ಚುಕ್ಕೆಗಳ ನಡುವೆ
ಬಟ್ಟೆ ತೆಳುವಾಗಿದೆ. ಯಾವುದೋ ಗೆರೆಯನ್ನು
ಬ್ಲೇಡಿನಿಂದ ಕೆರೆದು ತೆಗೆದ ಗುರುತು,
ಅಷ್ಟಗಲದಲ್ಲಿ ಮಾತ್ರ ಬೆಳಕು ಈಚೆ ಬರುತ್ತಿತ್ತು.

ಷರಾ ಕಲಮಿನಲ್ಲಿ ‘ಮುಟ್ಟದು’ ಎಂದು ಟೈಪಿಸಿ ಉಳಿಸಿದೆ.
ತೆರೆದು ನೋಡಿದರೆ ಪ್ರಶ್ನೆ, ಪ್ರಶ್ನೆ, ಪ್ರಶ್ನೆ.

ಗೋಡೆಯ ಹಾಳೆಯ ಮುಂದೆ ಸ್ಟೂಲು ಹಾಕಿಕೊಂಡು
ಪೆನ್ಸಿಲ್ ಹೆರೆಯುವ ಬ್ಲೇಡು ಹುಡುಕಿ
ನಾನೂ ಕೆರೆಯತೊಡಗಿದೆ.