ಮುಖ ನೋಡಿ ಮಣೆ

ಐಸ್ಬಿಸ್ಟರ್ ಬಂದದ್ದು ಮಂಗಳವಾರ, ದೋಣಿ ಇಳಿಸಲಾಗದಷ್ಟು ಗಾಳಿ.
ಗಾಳಿ ಎದ್ದ ದಿನವೇ ಸ್ಟ್ರಾಮ್ನೆಸ್ಸಿನಲ್ಲಿ ನನಗೆ ಗಿರಾಕಿ.
ತಗಡಿನ ಶೆಡ್ಡಿನೊಳಗೆ ಚೆಂಡು ಹಿಡಿಯಲು ಬಲೆ ಕಟ್ಟಿದ್ದೇನೆ,
ಅದೂ ಅವರದೇ ಹಳೆಯ ಬಲೆ, ಇನ್ನೂ ಉಪ್ಪಿನ ವಾಸನೆ.

'ಹೊಸ ಡ್ರೈವರ್ ಕಟ್ಟಿಕೊಡು ಐಲ್ಸಾ,
ಈ ದರಿದ್ರದ್ದು ಎಲ್ಲವನ್ನೂ ಬಲಕ್ಕೆ ಒಯ್ದು ಸಮುದ್ರಕ್ಕೆ ಕೊಡುತ್ತದೆ.
ಈ ಬೇಸಿಗೆ ನಾನು ಹಿಡಿದ ಲಾಬ್‌ಸ್ಟರಿಗಿಂತ
ಕಳೆದ ಚೆಂಡೇ ಹೆಚ್ಚು.'

ನೆಲ ಡೊಂಕು ಅನ್ನುವವರನ್ನು ಮೂವತ್ತು ವರ್ಷ ನೋಡಿದ್ದೇನೆ.
ನಕ್ಕರೆ ವ್ಯಾಪಾರ ಕೆಡುತ್ತದೆ.
ಹೊಡಿ, ಅಂದೆ.

ಕ್ಲಬ್ಬಿನ ಮುಖಕ್ಕೆ ಪೌಡರ್ ಬಳಿದಿದ್ದೆ, ಪೆಟ್ಟು ಬಿದ್ದಲ್ಲಿ ಗುರುತು ಉಳಿಯಲೆಂದು.
ಒಂದು ಹಿಮ್ಮಡಿಯಲ್ಲಿ, ಒಂದು ತುದಿಬೆರಳಲ್ಲಿ,
ಒಂದು ಎಲ್ಲೋ ನೆತ್ತಿಯ ಹತ್ತಿರ,
ಕೋಳಿ ಕೆದಕಿದ ಅಂಗಳದ ಹಾಗೆ.
ಯಂತ್ರ ಓದಿ ಹೇಳಿತು:
ಆರು ಡಿಗ್ರಿ ತೆರೆದಿದೆ. ಒಂದು ಮುಚ್ಚಿದೆ.
ನಾಲ್ಕು ತೆರೆದಿದೆ. ಒಂಬತ್ತು.

ಚೆಂಡು ಮುಖದ ಮೇಲೆ ಇರುವುದು
ರೆಪ್ಪೆ ಬಡಿಯುವಷ್ಟು ಹೊತ್ತೂ ಅಲ್ಲ,
ಅದರ ಮುನ್ನೂರರಲ್ಲೊಂದು ಪಾಲು.
ಅಷ್ಟರಲ್ಲಿ ಅದು ಕೇಳಿಸಿಕೊಳ್ಳುವುದು ಮುಖದ ಮಾತನ್ನೇ.
ನೀನು ಬೀಸಿದ ದಾರಿ ಯಾವುದು, ಉದ್ದೇಶ ಎಷ್ಟು ಒಳ್ಳೆಯದು,
ಅದೆಲ್ಲ ಆಮೇಲೆ, ಗಾಳಿಯಲ್ಲಿ ಬಾಗುವಾಗ.

ಮುಖ ನೋಡಿ ಮಣೆ ಹಾಕಬೇಡ ಅನ್ನುತ್ತದೆ ಲೋಕ.
ನನ್ನ ಹೊಟ್ಟೆಪಾಡೇ ಅದು.

ಕುತ್ತಿಗೆಯಲ್ಲಿ ಒಂದು ಸ್ಕ್ರೂ ಇದೆ, ತಿರುಗಿಸಿದರೆ ಮುಖ ತುಸು ಮುಚ್ಚುತ್ತದೆ.
ಹಿಮ್ಮಡಿಗೆ ಹನ್ನೆರಡು ಗ್ರಾಂ ತೂಕ ಕೂರಿಸಬಹುದು, ಬೇಗ ತಿರುಗಲಿ ಅಂತ.
ಕೂರಿಸಿದೆ. ತಿರುಗಿಸಿದೆ. ದಂಡ ಬದಲಿಸಿದೆ,
ಮೆದುವಾದದ್ದು, ಗಡುಸಾದದ್ದು, ಸಾಲ ಮಾಡಿ ತರಿಸಿದ್ದು.
ಬಲಕ್ಕೆ ಹೋಗುತ್ತಿದ್ದದ್ದು ಈಗ ಎಡಕ್ಕೂ ಹೋಯಿತು.

ಒಂದೇ ತಪ್ಪನ್ನು ಹತ್ತು ಸಲ ಮಾಡುವವನಿಗೆ
ಡ್ರೈವರ್ ಕಟ್ಟಿಕೊಡಬಲ್ಲೆ.
ಹತ್ತು ಸಲಕ್ಕೆ ಹತ್ತು ತಪ್ಪು ಮಾಡುವವನಿಗೆ
ಚಹಾ ಕೊಡಬಲ್ಲೆ.

ಕೊಟ್ಟೆ. ಲೋಟ ಹಿಡಿದದ್ದು ಬಲಗೈಯಲ್ಲಿ.
ಎಡಗೈ ಗ್ಲೌಸ್ ತೊಟ್ಟೇ ತೊಡೆಯ ಮೇಲಿತ್ತು,
ಅದರ ಕಿರುಬೆರಳು ಮಾತ್ರ ಯಾವುದಕ್ಕೂ ಬಾಗದೆ.

'ಗ್ಲೌಸ್ ತೆಗಿ, ಎರ್ಲೆಂಡ್.'

ಕಿಟಕಿಯಾಚೆ ಹಾಯ್ ದ್ವೀಪದ ಬೆಟ್ಟ ನೋಡಿದ, ಅದು ಮೋಡದಲ್ಲಿತ್ತು.
ಆಮೇಲೆ ಹಲ್ಲಿನಿಂದ ಪಟ್ಟಿ ಬಿಚ್ಚಿದ.
ಕಿರುಬೆರಳು ಇರಬೇಕಾದಲ್ಲಿ ಕುರಿಯ ಉಣ್ಣೆ ತುರುಕಿದ್ದ.
ಪಕ್ಕದ್ದು ಅರ್ಧ.
'ವಿಂಚಿನ ಹಗ್ಗ. ಹನ್ನೊಂದು ವರ್ಷ ಆಯ್ತು.
ಕ್ಲಬ್ಬಿನಲ್ಲಿ ಯಾರಿಗೂ ಗೊತ್ತಿಲ್ಲ.'

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ನಾನು ಒಂದೂವರೆ ಗಂಟೆ ರಾಡಾರ್ ಹಿಡಿದು ಕೂತಿದ್ದೆ.

ಮೇಲ್ಗೈಯ ಕೊನೆಯ ಬೆರಳುಗಳೇ ಮುಖದ ಕಡಿವಾಣ.
ಅಲ್ಲಿ ಹಿಡಿತ ಸಡಿಲಿದರೆ ಬೀಸಿನ ತುದಿಯಲ್ಲಿ
ಅದು ತನಗೆ ಬೇಕಾದ ಕಡೆ ನೋಡುತ್ತದೆ.

ದಂಡವನ್ನು ಒಂದೂವರೆ ಇಂಚು ಕತ್ತರಿಸಿದೆ.
'ಅಯ್ಯೋ, ದೂರ ಹೋಗುತ್ತದೆಯೇ?' ಅಂದ.
ಸಮುದ್ರದಷ್ಟು ದೂರ ಹೋಗುವುದಿಲ್ಲ, ಅಂದೆ.
ಮೊಂಡು ಬೆರಳಿಗೆ ಒತ್ತಿಕೊಳ್ಳುವ ಹಾಗೆ
ಹಿಡಿಯೊಳಗೆ ಟೇಪು ಸುತ್ತಿದೆ, ಏಳು ಸುತ್ತು,
ಅಳತೆ ಅವನ ಕೈಯೇ ಹೇಳಿತು: ಇನ್ನೊಂದು, ಇನ್ನೊಂದು, ಸಾಕು.

ಮತ್ತೆ ಹತ್ತು ಚೆಂಡು.
ಮೂರು ಡಿಗ್ರಿ. ಮೂರು. ಎರಡೂವರೆ. ಮೂರು.
ತೆರೆದೇ ಇದೆ, ಆದರೆ ಒಂದೇ ಬಾಗಿಲು, ಒಂದೇ ಸಂದು.
ಪೌಡರಿನ ಗುರುತುಗಳು ಒಂದರ ಮೇಲೊಂದು ಬಿದ್ದು
ಒಂದು ನಾಣ್ಯದಷ್ಟಾದವು.
ಆಗ ಸ್ಕ್ರೂಗೆ ಕೈ ಹಾಕಿದೆ. ಮೊದಲು ಹಾಕಿದ್ದು ದಂಡ.

ಈಗಲೂ ಅವನ ಚೆಂಡು ಕೊನೆಯಲ್ಲಿ ಬಲಕ್ಕೆ ವಾಲುತ್ತದೆ.
ಅವನು ಎಡಗಡೆಯ ಚಿಮಣಿಗೆ ಗುರಿಯಿಟ್ಟು ಹೊಡೆಯುತ್ತಾನೆ,
ಬೇಲಿಯಾಚೆಯಿಂದ ನೋಡಿದ್ದೇನೆ. ಗ್ಲೌಸ್ ಇತ್ತು.
ಕಿರುಬೆರಳಿನ ಜಾಗ ಚಪ್ಪಟೆಯಾಗಿ ಗಾಳಿಗೆ ಅಲ್ಲಾಡುತ್ತಿತ್ತು.

ಉಣ್ಣೆ ನನ್ನ ಬೆಂಚಿನ ಮೇಲೇ ಬಿಟ್ಟುಹೋಗಿದ್ದಾನೆ.
ಮುಖದ ಪೌಡರ್ ಒರೆಸುವುದಕ್ಕೆ ಚೆನ್ನಾಗಿದೆ.